ಅಂಗಳದ ಮಾತು: ಮಣ್ಣಿನ ಪಟ್ಟು, ಗಾದಿಯ ಪಟ್ಟು

ಪರಸ್ಥಳದಲ್ಲಿ ನೆಲಸಿದ ಕನ್ನಡಿಗರಲ್ಲಿ ಇಬ್ಬರು ಹಿರಿಯರು ಒಂದೆಡೆ ಕೂತರೆಂದರೆ ಮೂರು ವಿಷಯಗಳಲ್ಲಿ ಜಗಳ ತಪ್ಪಿದ್ದಲ್ಲ. ಯಾರ ಊರಿನ ಸಾರು ರುಚಿ, ಯಾರ ಕಡೆಯ ಕನ್ನಡ ಶುದ್ಧ, ಯಾರ ಸೀಮೆಯ ಪೈಲ್ವಾನರು ನಿಜವಾದ ಪೈಲ್ವಾನರು. ಮೊದಲಿನ ಎರಡನ್ನು ಈ ಅಂಕಣದಲ್ಲಿ ಹಿಂದೆಯೇ ಮುಟ್ಟಿ ನಾವು ಕೈ ಸುಟ್ಟುಕೊಂಡದ್ದುಂಟು. ಮೂರನೆಯದನ್ನು ಎತ್ತಿಕೊಳ್ಳುವ ಪ್ರಸಂಗ ಈ ಸಲದ ದಸರೆಯಲ್ಲಿ, ಜೇಜುರಿಯ ಮೆಟ್ಟಿಲುಗಳ ಮೇಲೆ, ತಾನಾಗಿಯೇ ಒದಗಿಬಂತು.

ಜೇಜುರಿ ನಮ್ಮ ವಾಚಕರಿಗೆ ಹೊಸದಲ್ಲ. ಪುಣೆಯಿಂದ ಸುಮಾರು ಐವತ್ತು ಕಿಲೋಮೀಟರಿನ ದಾರಿ. ದಿವೆ ಘಾಟನ್ನು ಹತ್ತಿ ಸಾಸವಡವನ್ನು ದಾಟಿದರೆ ಗುಡ್ಡದ ಮೇಲೆ ಕೋಟೆಯಂತೆ ನಿಂತ ಗುಡಿ ದೂರದಿಂದಲೇ ಕಾಣುತ್ತದೆ. ಮರಾಠಿಗರ ಖಂಡೋಬಾ ನಮ್ಮವರ ಮೈಲಾರಲಿಂಗ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೋ, ರಾಣೆಬೆನ್ನೂರಿನ ದೇವರಗುಡ್ಡಕ್ಕೋ, ಬೆಳಗಾವಿ ಜಿಲ್ಲೆಯ ಮಂಗಸೂಳಿಗೋ ನಡೆದುಕೊಳ್ಳುವ ಮನೆತನಗಳು ನೌಕರಿಯ ನಿಮಿತ್ತ ಈ ಕಡೆ ಬಂದ ಮೇಲೆ, ಊರಿಗೆ ಹೋಗಲಾಗದ ವರ್ಷ ಜೇಜುರಿಗೆ ಹೋಗಿ ಭಂಡಾರ ಹಚ್ಚಿಕೊಂಡು ಬರುತ್ತವೆ. ದೇವರೇನೋ ಒಬ್ಬನೇ, ನಿಂತ ನೆಲ ಮಾತ್ರ ಬೇರೆ.

ಈ ಸಲ ನಮ್ಮ ಸಂಘದ ಹತ್ತು ಹನ್ನೆರಡು ಮನೆಯವರು ಸೇರಿ ಒಂದು ಬಸ್ಸನ್ನು ಗೊತ್ತುಮಾಡಿಕೊಂಡು ದಸರೆಯ ರಾತ್ರಿಯೇ ಅಲ್ಲಿ ಇಳಿದೆವು. ಜೇಜುರಿಯ ದಸರೆಗೆ ‘ಮರ್ದಾನೀ ದಸರಾ’ ಎಂದು ಹೆಸರು. ರಾತ್ರಿ ಗುಡಿಯ ಪಲ್ಲಕ್ಕಿಯೂ ಇನ್ನೂ ಎತ್ತರದಲ್ಲಿರುವ ಕಡೇಪಠಾರದ ಪಲ್ಲಕ್ಕಿಯೂ ಗುಡ್ಡದ ಕಣಿವೆಯಲ್ಲಿ ಭೇಟಿಯಾಗುತ್ತವೆ. ಬೆಳಗಾದ ಮೇಲೆ ಗುಡಿಯ ಅಂಗಳದಲ್ಲಿ ಖಂಡಾ ಎತ್ತುವ ಪಂದ್ಯ. ಖಂಡಾ ಎಂದರೆ ಪೇಶ್ವೆಯರ ಕಾಲದಲ್ಲಿ ಪಾನ್ಸೆ ಮನೆತನದ ಸರದಾರರು ದೇವರಿಗೆ ಒಪ್ಪಿಸಿದ ದೊಡ್ಡ ಕತ್ತಿ. ತೂಕ ನಲವತ್ತು ಕಿಲೋಗೂ ಮಿಗಿಲು. ಒಬ್ಬ ತರುಣ ಅದನ್ನು ಒಂದೇ ಕೈಯಲ್ಲಿ ಚಾಚಿ ಹಿಡಿದು ನಿಲ್ಲುತ್ತಾನೆ. ಎಷ್ಟು ಹೊತ್ತು ನಿಂತ ಎಂಬುದೇ ಅಲ್ಲಿ ಲೆಕ್ಕ. ಇನ್ನೊಬ್ಬ ಅದನ್ನು ಹಲ್ಲಿನಲ್ಲಿ ಕಚ್ಚಿ ಎತ್ತುತ್ತಾನೆ. ನೋಡುವವರ ದವಡೆ ನೋಯುತ್ತದೆ.

ಅದನ್ನು ನೋಡಿ ಕೆಳಗಿಳಿದು, ಒಂದು ದೀಪಮಾಲೆಯ ಕಂಬದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಒಂದು ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಇನ್ನೊಂದು ಡಬ್ಬಿಯಲ್ಲಿ ಪುಳಿಯೋಗರೆ. ರೊಟ್ಟಿಯ ಗಂಟು ಚಿಕ್ಕೋಡಿ ತಾಲ್ಲೂಕಿನ ನಮ್ಮ ಕಾಕಾ ಅವರದು. ಯೌವನದಲ್ಲಿ ಜಾತ್ರೆಯ ಕುಸ್ತಿಗಳಲ್ಲಿ ಹೆಸರು ಮಾಡಿ, ಆಮೇಲೆ ಪಿಂಪ್ರಿಯ ಕಾರಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಎರಡೂ ಕಿವಿಗಳು ಮುದುಡಿ ಗಂಟಾಗಿರುವುದನ್ನು ನೋಡಿದರೆ ಸಾಕು, ಬೇರೆ ಪ್ರಮಾಣಪತ್ರ ಬೇಡ. ಪುಳಿಯೋಗರೆಯ ಡಬ್ಬಿ ಮೈಸೂರಿನ ರಾಯರದು. ರಾಯರು ಸ್ವತಃ ಅಖಾಡಕ್ಕೆ ಇಳಿದವರಲ್ಲ. ಆದರೆ ಗರಡಿಮನೆಯ ಬೀದಿಯಲ್ಲಿ ಹುಟ್ಟಿ ಬೆಳೆದವರು, ಪುಸ್ತಕ ಓದಿದವರು.

“ಖಂಡಾ ಎತ್ತುವುದು ಬಲ, ಒಪ್ಪಿದೆ,” ಎಂದರು ರಾಯರು ಪುಳಿಯೋಗರೆ ಬಡಿಸುತ್ತ. “ಆದರೆ ಕುಸ್ತಿಗೆ ಬೇಕಾದದ್ದು ವಿದ್ಯೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಅಂತ ಒಂದು ಭಾಗವನ್ನೇ ಬರೆಸಿಟ್ಟಿದ್ದಾನೆ. ವಯಸ್ಸು, ಮೈಕಟ್ಟು, ಬಲ, ಚಾತುರ್ಯ ಎಲ್ಲ ನೋಡಿ ಮಲ್ಲರನ್ನು ತರಗತಿಯಾಗಿ ವಿಂಗಡಿಸಬೇಕು ಅಂತಾನೆ. ನಮ್ಮ ಮೈಸೂರಿನ ಜಟ್ಟಿಗಳು ಆ ವಿದ್ಯೆಯ ವಾರಸುದಾರರು. ವಿಜಯದಶಮಿಯ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನೋಡಿದೀರಾ? ಒಂದು ತೊಟ್ಟು ರಕ್ತ ಕಂಡ ಕೂಡಲೇ ಕಾಳಗ ಮುಗಿಯಿತು. ಅಷ್ಟು ಹೊತ್ತಿನಲ್ಲೇ ವಿದ್ಯೆ ತೋರಿಸಬೇಕು.”

ಕಾಕಾ ರೊಟ್ಟಿ ಮುರಿಯುತ್ತ ನಕ್ಕರು. “ರಾಯರ, ರಕ್ತಾ ತಗದ್ರ ಕುಸ್ತಿ ಆತೇನ್ರಿ? ಬೆನ್ನ ಮಣ್ಣಿಗೆ ಹಚ್ಚಬೇಕು. ಮೊದಲನೇ ಹಿಂದ್ ಕೇಸರಿ ಯಾರ್ರಿ? ೧೯೫೯ರಾಗ ದಿಲ್ಲಿಯೊಳಗ ಪಂಜಾಬದ ಬಂತಾಸಿಂಗನ್ನ ಸೋಲಿಸಿದಾಂವ ನಮ್ಮ ಯಕ್ಸಂಬಾದ ಶ್ರೀಪತಿ ಖಂಚನಾಳೆ. ಚಿಕ್ಕೋಡಿ ತಾಲೂಕಾ! ಪುಸ್ತಕಾ ಓದಿ ಗೆದ್ದಿಲ್ಲ ಮತ್ತ, ಕೊಲ್ಲಾಪುರದ ಮಣ್ಣಾಗ ಉಳ್ಳಾಡಿ ಗೆದ್ದಾನ.”

ಖಂಚನಾಳೆಯವರ ಹೆಸರು ಬಂದ ಮೇಲೆ ನಾವು ಸುಮ್ಮನಿರುವುದು ಹೇಗೆ? ಹುಟ್ಟಿದ್ದು ಕನ್ನಡ ನಾಡಿನ ಗಡಿಯ ಹಳ್ಳಿಯಲ್ಲಿ, ಪಳಗಿದ್ದು ಕೊಲ್ಹಾಪುರದ ತಾಲೀಮಿನಲ್ಲಿ, ಗೆದ್ದದ್ದು ದಿಲ್ಲಿಯಲ್ಲಿ. ೨೦೨೦ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಗಡಿಯ ಎರಡೂ ಕಡೆಯ ಪತ್ರಿಕೆಗಳು ‘ನಮ್ಮವರು’ ಎಂದೇ ಬರೆದವು. ಎರಡೂ ಸುಳ್ಳಲ್ಲ. ನಾವು ಹೀಗೆಂದಾಗ ಇಬ್ಬರು ಹಿರಿಯರೂ ಒಂದು ಕ್ಷಣ ಒಪ್ಪಿದರು. ಒಂದೇ ಕ್ಷಣ.

ಅಷ್ಟರಲ್ಲಿ ರಾಯರ ಹನ್ನೊಂದು ವರ್ಷದ ಮೊಮ್ಮಗ ತಲೆ ಹಾಕಿದ. ಅವನು ಟೆಲಿವಿಷನ್ನಿನಲ್ಲಿ ಬರುವ ಅಮೆರಿಕದ ಕುಸ್ತಿಯ ಪರಮಭಕ್ತ. “ತಾತ, ಒಬ್ಬ ಹಗ್ಗದ ಮೇಲಿಂದ ಹಾರ್ತಾನೆ, ಒಬ್ಬ ಎತ್ತಿ ಎಸೀತಾನೆ, ಒಬ್ಬ ಕೈಕಾಲು ತಿರುಚಿ ಸೋಲೊಪ್ಪಿಸ್ತಾನೆ. ಇವರಲ್ಲಿ ನಿಜವಾಗ್ಲೂ ಕುಸ್ತಿ ಗೊತ್ತಿರೋನು ಯಾರು?”

ರಾಯರು “ಅವೆಲ್ಲ ನಾಟಕ” ಎಂದು ತಳ್ಳಿಹಾಕಿಬಿಟ್ಟರು. ಆದರೆ ಹುಡುಗನ ಪ್ರಶ್ನೆ ನಮಗೆ ಅಷ್ಟು ಹಗುರವೆನಿಸಲಿಲ್ಲ. ಬೇರೆಬೇರೆ ಶೈಲಿಯ ಪೈಲ್ವಾನರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಮನೆಗೆ ಬಂದ ಮೇಲೂ ಅದನ್ನು ಮೆಲುಕು ಹಾಕಿದ್ದೇವೆ. ನಮಗೆ ತೋರುವ ಮಟ್ಟಿಗೆ, ಯಾರು ಮೇಲು ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಕಾಲ ಕೆಳಗೆ ಏನಿದೆ? ಸೋಲು ಎಂದರೆ ಯಾವುದು? ಏನನ್ನು ಹಿಡಿಯಬಹುದು, ಏನನ್ನು ಹಿಡಿಯಬಾರದು?

ಮಣ್ಣಿನ ಅಖಾಡವನ್ನು ನೋಡಿ. ಕೆಂಪು ಮಣ್ಣಿಗೆ ಮಜ್ಜಿಗೆ, ನಿಂಬೆರಸ, ಎಣ್ಣೆ, ಅರಿಶಿನ ಬೆರೆಸಿ ಹದಮಾಡಿರುತ್ತಾರೆ. ಕಾಲು ಅದರಲ್ಲಿ ಅಷ್ಟಿಷ್ಟು ಹೂತುಕೊಳ್ಳುತ್ತದೆ. ಬೆವತ ಮೈಗೆ ಒಂದು ಹಿಡಿ ಮಣ್ಣು ಎರಚಿದರೆ ಹಿಡಿತ ಸಿಗುತ್ತದೆ. ಅಲ್ಲಿ ಸೋಲೆಂದರೆ ಒಂದೇ, ಬೆನ್ನು ನೆಲಕ್ಕೆ ತಾಕಿ ಚಿತ್ ಆಗುವುದು. ಎದುರಾಳಿಯನ್ನು ಹತ್ತು ಸಲ ಕೆಡವಿದರೂ ಅವನು ಹೊಟ್ಟೆಯ ಮೇಲೆ ಬಿದ್ದರೆ ಲೆಕ್ಕಕ್ಕಿಲ್ಲ. ಆದ್ದರಿಂದ ಮಣ್ಣಿನ ಪೈಲ್ವಾನನ ವಿದ್ಯೆಯ ಸಾರ ತಾಳ್ಮೆಯಲ್ಲಿದೆ. ಕೊರಳ ಮೇಲೆ ಕೈಯ ಭಾರ ಹಾಕಿ ಹಾಕಿ ಎದುರಾಳಿಯನ್ನು ಬಳಲಿಸಬೇಕು. ಕೆಳಗೆ ಹಾಕಿಕೊಂಡ ಮೇಲೆ ಲಂಗೋಟ, ಚಡ್ಡಿಗಳನ್ನು ಹಿಡಿದು ‘ಘಿಸ್ಸಾ’ ಎಳೆದು ಮಗುಚಬೇಕು. ಒಂದು ಪಟ್ಟು ಹಾಕಲು ಕಾಲು ಗಂಟೆ ಕಾದರೂ ಯಾರೂ ತಪ್ಪೆನ್ನರು.

ಗಾದಿಯ ಮೇಲೆ, ಅಂದರೆ ಮ್ಯಾಟಿನ ಮೇಲೆ, ಲೋಕವೇ ಬೇರೆ. ಒಂಬತ್ತು ಮೀಟರು ಅಡ್ಡಳತೆಯ ವೃತ್ತ, ಮೂರು ಮೂರು ನಿಮಿಷದ ಎರಡು ಸುತ್ತು. ವೃತ್ತದಿಂದ ಹೊರಗೆ ತಳ್ಳಿದರೆ ಒಂದು ಅಂಕ, ಕೆಡವಿ ಮೇಲೇರಿದರೆ ಎರಡು, ಬೆನ್ನನ್ನು ನೆಲದತ್ತ ತಿರುವಿದರೆ ಮತ್ತೆ ಎರಡು, ಎತ್ತಿ ಒಗೆದರೆ ಇನ್ನೂ ಹೆಚ್ಚು. ಫ್ರೀಸ್ಟೈಲಿನಲ್ಲಿ ಹತ್ತು ಅಂಕ ಮುಂದೆ ಹೋದರೆ ಬೆನ್ನು ತಾಗದೆಯೂ ಕುಸ್ತಿ ಮುಗಿಯಿತು. ಸುಮ್ಮನೆ ಕಾಯುತ್ತ ನಿಂತವನಿಗೆ ಎಚ್ಚರಿಕೆ, ದಂಡ. ಉಡುಪನ್ನು ಹಿಡಿಯುವಂತಿಲ್ಲ. ಅಲ್ಲಿಗೆ ಘಿಸ್ಸಾದ ಅರ್ಧ ಜೀವ ಹೋಯಿತು. ಅಲ್ಲಿ ವಿದ್ಯೆಯೆಂದರೆ ವೇಗ. ಕಣ್ಣು ಮಿಟುಕಿಸುವುದರೊಳಗೆ ಎದುರಾಳಿಯ ಕಾಲಿಗೆ ನುಗ್ಗಬೇಕು. ಇದರಲ್ಲೂ ಒಂದು ಕವಲುಂಟು, ಗ್ರೀಕೋ-ರೋಮನ್ ಎಂಬುದು. ಅದರಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ, ಕಾಲನ್ನು ಹಾಕಿ ಕೆಡವುವಂತಿಲ್ಲ. ಎಲ್ಲ ಕೆಲಸ ತೋಳು, ಎದೆ, ಸೊಂಟಗಳದೇ.

ನಿಯಮ ಬದಲಾದರೆ ಎಂಥ ಮಲ್ಲನೂ ಹೇಗೆ ಕಟ್ಟಿಬೀಳುತ್ತಾನೆ ಎಂಬುದಕ್ಕೆ ಗಾಮಾ ಪೈಲ್ವಾನನ ಕಥೆಗಿಂತ ಬೇರೆ ಸಾಕ್ಷಿ ಬೇಡ. ೧೯೧೦ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಗಾಮಾ ಪೋಲೆಂಡಿನ ಜಿಬಿಸ್ಕೋನನ್ನು ಎದುರಿಸಿದ. ಗಾಮಾನ ರಭಸ ಕಂಡ ಜಿಬಿಸ್ಕೋ ಗಾದಿಯ ಮೇಲೆ ಬೋರಲು ಮಲಗಿಬಿಟ್ಟ. ಹಾಗೆ ಮಲಗುವುದು ಅಲ್ಲಿಯ ನಿಯಮದಲ್ಲಿ ಸೋಲಲ್ಲ. ಎರಡೂವರೆ ಗಂಟೆ ಮೀರಿ ಗಾಮಾ ಮೇಲೆಯೇ ಇದ್ದರೂ ಮಗುಚಲಾಗಲಿಲ್ಲ. ಕುಸ್ತಿ ಸಮವೆಂದು ಸಾರಿದರು. ಮುಂದಿನ ವಾರದ ಮರುಕುಸ್ತಿಗೆ ಜಿಬಿಸ್ಕೋ ಬರಲೇ ಇಲ್ಲ. ಹದಿನೆಂಟು ವರ್ಷಗಳ ತರುವಾಯ, ೧೯೨೮ರಲ್ಲಿ, ಅದೇ ಇಬ್ಬರು ಪಟಿಯಾಲೆಯ ಅಖಾಡದಲ್ಲಿ ಮತ್ತೆ ನಿಂತರು. ಇಬ್ಬರಿಗೂ ವಯಸ್ಸು ಐವತ್ತರ ಹತ್ತಿರ. ಈ ಸಲ ಒಂದು ನಿಮಿಷವೂ ಹಿಡಿಯಲಿಲ್ಲ. ಗಾಮಾ ಗೆದ್ದಿದ್ದ. ಲಂಡನ್ನಿನಲ್ಲಿ ಅವನ ವಿದ್ಯೆ ಕಡಮೆಯಾಗಿತ್ತೆಂದು ಹೇಳಬಹುದೇ? ವಿದ್ಯೆ ಇತ್ತು, ಅದು ಬೇರೂರಲು ನೆಲ ಇರಲಿಲ್ಲ.

ಇದನ್ನು ಅಲ್ಲಿಯೇ ಹೇಳಿದಾಗ ಕಾಕಾ ತೊಡೆ ತಟ್ಟಿದರು. “ನೋಡ್ರಿ ರಾಯರ, ಮಣ್ಣಾಗ ಬಂದ್ರ ಒಂದ ನಿಮಿಷದಾಗ ಮುಗೀತು! ನಾ ಇದನ್ನ ಹೇಳಾಕತ್ತಿದ್ದೆ.”

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲವಲ್ಲ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವರು ಇದೇ ಮಣ್ಣಿನವರು. ೧೯೪೮ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಗಾದಿಯ ಕುಸ್ತಿ ಅವರಿಗೆ ಹೊಸದು. ಆರನೆಯ ಸ್ಥಾನ ಬಂತು. ಮನೆಗೆ ಬಂದು ‘ಅದು ನಮ್ಮ ಕುಸ್ತಿಯಲ್ಲ’ ಎಂದು ಕೈಕಟ್ಟಿ ಕೂರಲಿಲ್ಲ. ನಾಲ್ಕು ವರ್ಷ ಅಭ್ಯಾಸ ಮಾಡಿದರು. ಮುಂದಿನ ಪ್ರಯಾಣಕ್ಕೆ ದುಡ್ಡಿಲ್ಲದಾಗ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೀಕರರು ತಮ್ಮ ಮನೆಯನ್ನು ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ಕೊಟ್ಟರು. ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿ ೫೭ ಕಿಲೋ ವರ್ಗದಲ್ಲಿ ಕಂಚು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ತಂದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು. ಎರಡನೆಯದಕ್ಕೆ ದೇಶ ೧೯೯೬ರವರೆಗೆ ಕಾಯಬೇಕಾಯಿತು. ಜಾಧವರ ಮೆಚ್ಚಿನ ಪಟ್ಟು ‘ಢಾಕ್’: ಎದುರಾಳಿಯ ಕೊರಳನ್ನು ಬಿಗಿದು, ತನ್ನ ಮೈಯನ್ನು ತಿರುವಿ ನೆಲಕ್ಕೆ ಒಗೆಯುವುದು. ಅದು ಶುದ್ಧ ಮಣ್ಣಿನ ಪಟ್ಟು. ಅದನ್ನು ಗಾದಿಯ ವೇಗಕ್ಕೆ ಹೊಂದಿಸಿಕೊಂಡದ್ದೇ ಅವರ ಹೆಚ್ಚುಗಾರಿಕೆ. ೨೦೨೪ರಲ್ಲಿ ಪ್ಯಾರಿಸಿನಲ್ಲಿ ಅಮನ್ ಸೆಹರಾವತ್ ಗೆದ್ದ ಕಂಚೂ ೫೭ ಕಿಲೋ ವರ್ಗದ್ದೇ ಎಂಬುದು ಒಂದು ಸೋಜಿಗ.

ಇನ್ನೊಂದು ಜೋಡಿಯನ್ನು ನೋಡೋಣ. ಗಣಪತರಾವ್ ಆಂದಳಕರ ಮತ್ತು ಮಾರುತಿ ಮಾನೆ. ಇಬ್ಬರೂ ಸಾಂಗಲಿ ಜಿಲ್ಲೆಯವರು, ಇಬ್ಬರೂ ಕೆಂಪು ಮಣ್ಣಿನ ಮಕ್ಕಳು, ಇಬ್ಬರೂ ಹಿಂದ್ ಕೇಸರಿಗಳು. ೧೯೬೨ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡೆಗಳಿಗೆ ಇಬ್ಬರೂ ಹೋದರು. ಮಾನೆಯವರಿಗೆ ಫ್ರೀಸ್ಟೈಲಿನಲ್ಲಿ ಚಿನ್ನ, ಗ್ರೀಕೋ-ರೋಮನ್ನಿನಲ್ಲಿ ಬೆಳ್ಳಿ. ಆಂದಳಕರರಿಗೆ ಗ್ರೀಕೋ-ರೋಮನ್ನಿನಲ್ಲಿ ಚಿನ್ನ, ಫ್ರೀಸ್ಟೈಲಿನಲ್ಲಿ ಬೆಳ್ಳಿ. ತೂಕದ ವರ್ಗ ಬೇರೆಯಾದ್ದರಿಂದ ಅವರು ಒಬ್ಬರನ್ನೊಬ್ಬರು ಎದುರಿಸುವ ಪ್ರಮೇಯವಿರಲಿಲ್ಲ. ಇವರಲ್ಲಿ ಹೆಚ್ಚು ಬಲ್ಲವರು ಯಾರು? ಕಾಲಿಗೆ ನುಗ್ಗುವ ಕುಸ್ತಿಯಲ್ಲಿ ಒಬ್ಬರು, ಕಾಲನ್ನು ಮುಟ್ಟದ ಕುಸ್ತಿಯಲ್ಲಿ ಇನ್ನೊಬ್ಬರು ಮೊದಲಿಗರು. ಆದರೆ ತಮ್ಮದಲ್ಲದ ಶೈಲಿಯಲ್ಲೂ ಬೆಳ್ಳಿಗಿಂತ ಕೆಳಗೆ ಇಳಿಯಲಿಲ್ಲ. ನಾವಾದರೆ ಆ ಇಬ್ಬರ ವಿದ್ಯೆಯನ್ನು ಚಿನ್ನದಿಂದಲ್ಲ, ಆ ಬೆಳ್ಳಿಯಿಂದ ಅಳೆಯುತ್ತೇವೆ.

ಹುಡುಗನ ಟೆಲಿವಿಷನ್ ಕುಸ್ತಿಗೂ ನ್ಯಾಯ ಸಲ್ಲಬೇಕು. ಗೆಲ್ಲುವವನು ಯಾರೆಂದು ಮೊದಲೇ ಗೊತ್ತುಮಾಡಿದ ಕುಸ್ತಿಗೆ ನಮ್ಮ ದೇಶದಲ್ಲಿ ‘ನೂರಾ ಕುಸ್ತಿ’ ಎಂಬ ಹೆಸರು ಟೆಲಿವಿಷನ್ ಬರುವುದಕ್ಕೆ ಮುಂಚೆಯೇ ಇತ್ತು. ಮುಂಬಯಿಯಲ್ಲಿ ದಾರಾ ಸಿಂಗ್ ಮತ್ತು ಬೆಟ್ಟದಂಥ ಕಿಂಗ್ ಕಾಂಗ್ ಇವರ ಕುಸ್ತಿಗೆ ಜನ ಮುಗಿಬೀಳುತ್ತಿದ್ದ ಕಾಲದಲ್ಲಿಯೂ ‘ಇದು ನಿಜವೋ, ನೂರಾವೋ’ ಎಂಬ ಚರ್ಚೆ ಚಹದಂಗಡಿಗಳಲ್ಲಿ ನಡೆದೇ ಇತ್ತು. ಅಂಥ ಕುಸ್ತಿಯಲ್ಲಿ ಗೆಲವನ್ನು ಅಳೆದು ಪ್ರಯೋಜನವಿಲ್ಲ. ಆದರೆ ಒಂದು ವಿದ್ಯೆ ಅಲ್ಲಿಯೂ ಉಂಟು. ನೂರು ಕಿಲೋದ ಮನುಷ್ಯನನ್ನು ಎತ್ತಿ ಒಗೆಯಬೇಕು, ಅವನ ಮೂಳೆ ಮುರಿಯಬಾರದು. ಬೀಳುವವನು ಬೀಳುವುದನ್ನು ಕಲಿತಿರಬೇಕು. ಹಗ್ಗದ ಮೇಲಿಂದ ಹಾರುವವನಿಗಿಂತ ಅವನನ್ನು ಕೆಳಗೆ ಹಿಡಿದುಕೊಳ್ಳುವವನ ಚಾತುರ್ಯ ದೊಡ್ಡದು ಎಂದು ನಾವು ಹುಡುಗನಿಗೆ ಹೇಳಿದೆವು. ಅವನಿಗೆ ಈ ಉತ್ತರ ಅಷ್ಟು ರುಚಿಸಿದಂತೆ ಕಾಣಲಿಲ್ಲ.

ಮೆಟ್ಟಿಲ ಮೇಲೆ ಆಗ ಒಬ್ಬ ಹೊಸ ಮದುವಣಿಗ ಹೆಂಡತಿಯನ್ನು ಎತ್ತಿಕೊಂಡು ಏರುತ್ತಿದ್ದ. ಜೇಜುರಿಯಲ್ಲಿ ಇದು ಪದ್ಧತಿ. ಐದು ಮೆಟ್ಟಿಲಿಗೆ ಅವನ ಕಾಲು ನಡುಗಿತು. “ಸೊಂಟ ಇಳಸು ತಮ್ಮಾ, ಸೊಂಟ ಇಳಸು!” ಎಂದು ಕಾಕಾ ಕನ್ನಡದಲ್ಲೇ ಕೂಗಿದರು. ಅವನಿಗೆ ಅರ್ಥವಾಗಲಿಲ್ಲ. ಅವಳಿಗೆ ಆಗಿರಬೇಕು, ನಕ್ಕಳು.

ಇಷ್ಟಾದರೂ ಹಿರಿಯರ ವಾದ ನಿಲ್ಲಲಿಲ್ಲ. ಗಾದಿ ಬಂದು ಕುಸ್ತಿ ಕೆಟ್ಟಿತು ಎಂದು ಕಾಕಾ. ಗಾದಿಯಿಲ್ಲದೆ ಪದಕವಿಲ್ಲ ಎಂದು ರಾಯರು. ನಮ್ಮ ಗುಂಪಿನಲ್ಲಿದ್ದ ಒಬ್ಬ ಬ್ಯಾಂಕಿನ ಗೃಹಸ್ಥರು ಮಹಾರಾಷ್ಟ್ರ ಕೇಸರಿಯ ಮಾತು ತೆಗೆದರು. ಅದರಲ್ಲಿ ಮಣ್ಣಿನ ವಿಭಾಗವೇ ಬೇರೆ, ಗಾದಿಯ ವಿಭಾಗವೇ ಬೇರೆ. ಎರಡರ ವಿಜೇತರೂ ಕೊನೆಗೆ ಎದುರುಬದುರು ನಿಲ್ಲುತ್ತಾರೆ. ೨೦೨೩ರ ಜನವರಿಯಲ್ಲಿ ಪುಣೆಯ ಕೋಥರೂಡಿನಲ್ಲಿ ಗಾದಿಯ ಶಿವರಾಜ ರಾಕ್ಷೆ ಮಣ್ಣಿನ ಮಹ��ಂದ್ರ ಗಾಯಕವಾಡನನ್ನು ಸೋಲಿಸಿದ. “ಕೇಳಿದಿರಾ?” ಎಂದರು ರಾಯರು. ಅದೇ ವರ್ಷದ ನವೆಂಬರಿನಲ್ಲಿ ಪುಣೆಯ ಹತ್ತಿರದ ಫುಲಗಾವಿನಲ್ಲಿ ಮಣ್ಣಿನ ಸಿಕಂದರ ಶೇಖ್ ಅದೇ ರಾಕ್ಷೆಯನ್ನು ನೋಡನೋಡುತ್ತಿದ್ದಂತೆಯೇ ಸೋಲಿಸಿದ. “ಈಗ ನೀವ ಕೇಳ್ರಿ,” ಎಂದರು ಕಾಕಾ.

ಆಗ ಮಾತನಾಡಿದವಳು ಕಾಕಾ ಅವರ ಮೊಮ್ಮಗಳು. ಒಂಬತ್ತನೆಯ ತರಗತಿ. ಅಷ್ಟು ಹೊತ್ತೂ ನಮ್ಮ ಮನೆಯವರ ಪಕ್ಕದಲ್ಲಿ ಕೂತು ಶೇಂಗಾ ಸಿಪ್ಪೆ ಬಿಡಿಸುತ್ತಿದ್ದಳು. ಎರಡು ವರ್ಷದಿಂದ ಶಾಲೆಯಲ್ಲಿ ಗಾದಿಯ ಕುಸ್ತಿ ಕಲಿಯುತ್ತಿದ್ದಾಳೆ. ಕಾಕಾ ಅವರಿಗೆ ಅದು ಸಮ್ಮತವಿಲ್ಲ. ಆಟವೆಂದು ಇಷ್ಟು ದಿನ ಬಿಟ್ಟಿದ್ದರು. ದೀಪಾವಳಿಯ ಮೇಲೆ ಜಿಲ್ಲಾ ಮಟ್ಟದ ಸ್ಪರ್ಧೆ. ಒಪ್ಪಿಗೆಯ ಕಾಗದಕ್ಕೆ ಮನೆಯ ಹಿರಿಯರ ಸಹಿ ಬೇಕು. ತಂದೆ ದುಬೈಯಲ್ಲಿ, ತಾಯಿ ಮಾವನ ಮಾತು ಮೀರುವವಳಲ್ಲ. ಕಾಗದ ಒಂದು ತಿಂಗಳಿಂದ ಹುಡುಗಿಯ ಚೀಲದಲ್ಲೇ ಇದೆಯೆಂಬುದು ನಮ್ಮ ಮನೆಯವರಿಗೆ ಗೊತ್ತಿತ್ತು. ನಮಗೆ ಗೊತ್ತಾದದ್ದು ಆಮೇಲೆ.

“ಅಜ್ಜಾ,” ಎಂದಳು, “ಮಣ್ಣಿನ ಕುಸ್ತೀನ ಖರೇ ಕುಸ್ತಿ ಅಂತೀಯಲ್ಲ, ನಿಮ್ಮೂರ ತಾಲೀಮಿನಾಗ ನನ್ನ ಒಳಗ ಬಿಡ್ತಿದ್ರೇನು?”

ಕಾಕಾ ಉತ್ತರ ಕೊಡಲಿಲ್ಲ. ಕೊಡುವುದೇನಿದೆ? ಹಳೆಯ ತಾಲೀಮುಗಳಲ್ಲಿ ಹನುಮಂತನ ಮುಂದಿನ ಆ ಮಣ್ಣಿಗೆ ಹೆಣ್ಣುಮಕ್ಕಳು ಇಳಿಯುವ ರೂಢಿಯೇ ಇರಲಿಲ್ಲ. ಇಳಿದ ಒಬ್ಬಿಬ್ಬರ ಪಾಡನ್ನೂ ಬಲ್ಲೆವು. ಹಮೀದಾ ಬಾನು ಎಂಬ ಹೆಣ್ಣುಮಗಳು ೧೯೫೪ರಲ್ಲಿ ಬಡೋದೆಯಲ್ಲಿ ಬಾಬಾ ಪೈಲ್ವಾನನನ್ನು ಒಂದು ನಿಮಿಷ ಮೂವತ್ತನಾಲ್ಕು ಸೆಕೆಂಡಿನಲ್ಲಿ ಸೋಲಿಸಿದಳು. ಅಂಥವಳಿಗೆ ಇದೇ ಪುಣೆಯಲ್ಲಿ ಗೊತ್ತಾಗಿದ್ದ ಒಂದು ಕುಸ್ತಿ ಸ್ಥಳೀಯ ಕುಸ್ತಿ ಸಂಸ್ಥೆಯವರ ಆಕ್ಷೇಪದಿಂದ ರದ್ದಾಯಿತು. ಒಲಿಂಪಿಕ್ಸಿನಲ್ಲಿ ಹೆಂಗಸರ ಕುಸ್ತಿ ಬಂದದ್ದು ೨೦೦೪ರಲ್ಲಿ, ಅದೂ ಗಾದಿಯ ಮೇಲೆ. ಸಾಕ್ಷಿ ಮಲಿಕ್ ೨೦೧೬ರಲ್ಲಿ ರಿಯೋದಿಂದ ಕಂಚು ತಂದದ್ದು ಗಾದಿಯ ಮೇಲೆ. ಸಾಂಗಲಿಯಲ್ಲಿ ೨೦೨೩ರ ಮಾರ್ಚಿನಲ್ಲಿ ಪ್ರತೀಕ್ಷಾ ಬಾಗಡಿ ಮೊದಲನೆಯ ಮಹಿಳಾ ಮಹಾರಾಷ್ಟ್ರ ಕೇಸರಿಯಾದಳು. ನಾವು ಮಣ್ಣನ್ನೂ ಗಾದಿಯನ್ನೂ ತೂಗುವಾಗ ಕೇಳಿದ ಮೂರು ಪ್ರಶ್ನೆಗಳಲ್ಲಿ ನಾಲ್ಕನೆಯದೊಂದು ಬಿಟ್ಟುಹೋಗಿತ್ತು. ಈ ನೆಲದ ಮೇಲೆ ನಿಲ್ಲಲು ಯಾರಿಗೆ ಅವಕಾಶ?

ರಾಯರು, ಇದುವರೆಗೆ ಕಾಕಾ ಅವರನ್ನು ಸೋಲಿಸಲು ಹವಣಿಸುತ್ತಿದ್ದವರು, ಈಗ ಸಿಕ್ಕ ಅವಕಾಶವನ್ನು ಬಳಸಲಿಲ್ಲ. ಮೆಲ್ಲಗೆ, “ಮೈಸೂರಿನಲ್ಲೂ ಈಗ ದಸರಾ ಕಿಶೋರಿ ಅಂತ ಹೆಣ್ಣುಮಕ್ಕಳಿಗೆ ಪದವಿ ಇದೆ, ಯಜಮಾನರೆ. ನಮ್ಮ ಕಾಲದಲ್ಲಿ ಇರಲಿಲ್ಲ,” ಎಂದಷ್ಟೇ ಹೇಳಿದರು. ಹಿರಿತನ ಎಂದರೆ ಇದೇ ಎಂದು ನಮಗೆ ಅನಿಸಿತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೇಲಿನಿಂದ ‘ಯೇಳ್ಕೋಟ್, ಯೇಳ್ಕೋಟ್’ ಎಂಬ ಘೋಷ ಕೇಳುತ್ತಿತ್ತು. ಇಲ್ಲಿಯ ದೇವರಿಗೆ ಮಲ್ಲಾರಿ ಎಂದೂ ಹೆಸರು; ಮಲ್ಲನೆಂಬ ಅಸುರನನ್ನು ಗೆದ್ದವನು ಎಂದು ಅರ್ಥ. ಗೆದ್ದವನು ಸೋತವನ ಹೆಸರನ್ನು ಬಿಡದೆ ಹೊತ್ತು ನಿಂತಿರುವ ಕ್ಷೇತ್ರ ಇದು.

ಬುತ್ತಿಯ ಗಂಟು ಕಟ್ಟಿ ಬಸ್ಸಿನ ಕಡೆಗೆ ಹೊರಟೆವು. ಬಸ್ಸು ನಿಂತಿದ್ದ ಬಯಲಿನಲ್ಲಿ ಕಾಕಾ ತಟ್ಟನೆ ನಿಂತು ಮೊಮ್ಮಗಳಿಗೆ, “ಎಲ್ಲಿ, ಹೆಂಗ ನಿಲ್ಲತಿ ತೋರಸು,” ಎಂದರು. ಹುಡುಗಿ ಚೀಲವನ್ನು ನಮ್ಮ ಮನೆಯವರ ಕೈಗೆ ಕೊಟ್ಟು, ಮೊಳಕಾಲು ಮಡಿಸಿ, ಬೆನ್ನು ಬಗ್ಗಿಸಿ ನಿಂತಳು. ಕಾಕಾ ಸುತ್ತ ಒಂದು ಪ್ರದಕ್ಷಿಣೆ ಬಂದರು. “ಭಾಳ ಕೆಳಗ ನಿಂತಿ. ಕೊರಳ ಮ್ಯಾಲ ಕೈ ಬಿದ್ರ ಎಲ್ಲಿ ಹೋಗ್ತಿ?” ಎಂದು ತಮ್ಮ ದೊಡ್ಡ ಅಂಗೈಯನ್ನು ಅವಳ ಕೊರಳ ಮೇಲೆ ಇಟ್ಟರು. ಇಟ್ಟದ್ದೇ ತಡ, ಅವಳು ಆ ಕೈಯ ಕೆಳಗಿನಿಂದ ಜಾರಿ ಅಜ್ಜನ ಕಾಲನ್ನು ಹಿಡಿದಿದ್ದಳು. ಎತ್ತಲಿಲ್ಲ, ಹಿಡಿದಳು ಅಷ್ಟೇ.

“ಎಕೇರಿ ಪಟ,” ಎಂದರು ಕಾಕಾ, ತಮ್ಮಷ್ಟಕ್ಕೆ ತಾವೇ ಎಂಬಂತೆ. ಆಮೇಲೆ ಬಗ್ಗಿ, “ಈಗ ಇಲ್ಲಿ ಚಡ್ಡಿ ಹಿಡದು ಎಳದ್ರ ನೀ ಮಗಚಿ ಬೀಳ್ತಿ, ನೋಡು,” ಎಂದರು.

“ಚಡ್ಡಿ ಹಿಡಿಯಾಂಗಿಲ್ಲ ಅಜ್ಜಾ. ಪಂಚರು ಸೀಟಿ ಊದ್ತಾರ.”

“ಹೌದೇನು? ಹಂಗಾದ್ರ ಮೇಲಿದ್ದಾಂವ ಏನ ಮಾಡ್ತಾನ?”

ಅವಳು ಹೇಳಿಕೊಟ್ಟಳು. ಸೊಂಟವನ್ನು ಎರಡೂ ತೋಳಿನಿಂದ ಬಿಗಿದು, ತನ್ನ ಮೈಯೊಡನೆಯೇ ಉರುಳಿಸುವುದು. ಕಾಕಾ ಎರಡು ಸಲ ಕೇಳಿ ತಿಳಿದುಕೊಂಡರು. ಅರವತ್ತು ವರ್ಷಗಳ ಹಿಂದೆ ಉಸ್ತಾದರ ಮುಂದೆ ಅವರು ಹೇಗೆ ನಿಂತಿದ್ದರೋ ನಾವು ಕಂಡಿಲ್ಲ. ಇದೇ ರೀತಿ ನಿಂತಿರಬೇಕು.

ಬಸ್ಸು ಸಾಸವಡ ದಾಟುವ ಹೊತ್ತಿಗೆ ಹಿಂದಿನ ಸೀಟಿನಿಂದ ಕಾಕಾ ನಮ್ಮ ಭುಜ ಮುಟ್ಟಿ ಪೆನ್ನು ಕೇಳಿದರು. ಯಾಕೆಂದು ನಾವು ಕೇಳಲಿಲ್ಲ. ದಿವೆ ಘಾಟದ ತಿರುವಿನಲ್ಲಿ ಅದು ನಮ್ಮ ಕೈಗೆ ಮರಳಿತು. ಮೇಲೆ ಭಂಡಾರದ ಹಳದಿ ಬೆರಳಿನ ಗುರುತು. ಈ ಅಂಕಣವನ್ನು ಬರೆದದ್ದು ಅದೇ ಪೆನ್ನಿನಿಂದ, ಗುರುತನ್ನು ಒರೆಸಿಲ್ಲ.

ಜಿಲ್ಲಾ ಸ್ಪರ್ಧೆಯ ಫಲ ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಬಂದಿಲ್ಲ. ಬಂದರೆ ತಿಳಿಸುತ್ತೇವೆ. ಅಲ್ಲಿಯವರೆಗೆ ನಮ್ಮ ವಾಚಕರಲ್ಲಿ ಒಂದು ವಿನಂತಿ. ನಿಮ್ಮ ನಿಮ್ಮ ಊರಿನ ಗರಡಿಯಲ್ಲಿ ಯಾವ ಪಟ್ಟಿಗೆ ಏನೆಂದು ಕರೆಯುತ್ತಿದ್ದರು, ಒಂದು ಕಾರ್ಡು ಬರೆದು ತಿಳಿಸಿ. ರಾಯರೂ ಕಾಕಾ ಅವರೂ ಸೇರಿ ಒಂದು ಪಟ್ಟಿ ಮಾಡಲು ಹೊರಟಿದ್ದಾರೆ. ಮೊದಲನೆಯ ಹೆಸರಿನಲ್ಲೇ ಜಗಳ ಶುರುವಾಗಿದೆಯಂತೆ.